ನಮ್ಮ ಊರುಗಳ ಹುಡುಗಿಯರ ಓದು: ಅಂದು, ಇಂದು

ಸಾರಕ್ಕಿ, ಯಡಿಯೂರು, ಕತ್ರಿಗುಪ್ಪೆ ಎಂದರೆ ಇಂದಿನ ಮಕ್ಕಳಿಗೆ ಬಸ್ ಸ್ಟಾಪಿನ ಹೆಸರು. ನಮ್ಮ ಹಿರಿಯರಿಗೆ ಅವು ಹೊಲ, ಕೆರೆಗಳಿದ್ದ ಊರುಗಳು. 1948ರಲ್ಲಿ ಗವರ್ನರ್ ಜನರಲ್ ರಾಜಾಜಿಯವರು ಜಯನಗರಕ್ಕೆ ಅಡಿಗಲ್ಲು ಹಾಕಿದ ಮೇಲೆ ಬಡಾವಣೆಗಳು ಒಂದೊಂದಾಗಿ ಈ ಊರುಗಳನ್ನು ಸುತ್ತುವರಿದವು. 1965ರಲ್ಲಿ ಜಯನಗರದಲ್ಲಿ ನ್ಯಾಷನಲ್ ಕಾಲೇಜು ಶುರುವಾಯಿತು. ಓದಲೆಂದು 1935ರಲ್ಲಿ ಗೌರಿಬಿದನೂರಿನ ಹೊಸೂರಿನಿಂದ ಬೆಂಗಳೂರಿಗೆ ನಡೆದೇ ಬಂದ ಡಾ. ಎಚ್. ನರಸಿಂಹಯ್ಯನವರ ಕಥೆಯನ್ನು ಮೇಷ್ಟ್ರು ನಮಗೆ ಮತ್ತೆ ಮತ್ತೆ ಹೇಳುತ್ತಿದ್ದರು.

ಆದರೆ ಹುಡುಗಿಯರಾದ ನಮಗೆ ಹತ್ತಿರದ ಕಾಲೇಜೂ ದೂರವೇ. ಎಸ್ಸೆಸ್ಸೆಲ್ಸಿ ಮುಗಿಯುವ ಮೊದಲೇ ಮನೆಯಲ್ಲಿ ಗಂಡು ನೋಡುತ್ತಿದ್ದರು. 1978ರಲ್ಲಿ ಹುಡುಗಿಯರ ಮದುವೆಯ ವಯಸ್ಸನ್ನು ಕಾನೂನು 15ರಿಂದ 18ಕ್ಕೆ ಏರಿಸಿತು. ನಮ್ಮ ಮೇಡಂ ಮನೆಗೇ ಬಂದು ಅಪ್ಪನಿಗೆ ಅದನ್ನು ತಿಳಿಸಿ ಹೇಳಿದರು. ನನಗೆ ಇನ್ನೆರಡು ವರ್ಷ ಓದು ಸಿಕ್ಕಿತು. ನನ್ನ ಬೆಂಚಿನ ಗೆಳತಿಗೆ ಸಿಗಲಿಲ್ಲ. ಅವಳು ನನಗಿಂತ ಜಾಣೆ.

ಈ ಸಂಚಿಕೆಗಾಗಿ ಹತ್ತನೇ ತರಗತಿಯ ಹುಡುಗಿಯರ ಜೊತೆ ಕೂತು ಮಾತಾಡಿದೆ. "ಮೊದಲು ಕೆಲಸ, ಆಮೇಲೆ ಮದುವೆ ಮಿಸ್" ಎಂದಳು ಒಬ್ಬಳು. ನಾವು ಇಷ್ಟು ಗಟ್ಟಿಯಾಗಿ ಎಂದೂ ಹೇಳಿರಲಿಲ್ಲ. "ಕ್ಲಾಸಿನ ಹುಡುಗನ ಜೊತೆ ಫೋನಲ್ಲಿ ಮಾತಾಡಿದರೂ ಓದು ಬಿಡಿಸ್ತೀವಿ ಅಂತಾರೆ" ಎಂದಳು ಇನ್ನೊಬ್ಬಳು.

ಅಂದು ಮದುವೆಗಾಗಿ ನಿಂತ ಓದು ಇಂದು ಹೆದರಿಕೆಗಾಗಿ ನಿಲ್ಲಬಾರದು. ಊರ ಹಿರಿಯರೇ, ಮಕ್ಕಳ ಮಾತು ಕೇಳಿ. ತಪ್ಪಿದ್ದರೆ ತಿದ್ದಿ. ಶಾಲೆ ಮಾತ್ರ ಬಿಡಿಸಬೇಡಿ.