ಥಾಮಸ್ ಕ್ವಾಸ್ಟ್‌ಹೋಫ್: ವಿದ್ಯಾಲಯ ನಿರಾಕರಿಸಿದ ಕಂಠ

ಜರ್ಮನಿಯ ಖ್ಯಾತ ಬಾಸ್-ಬ್ಯಾರಿಟೋನ್ ಗಾಯಕ ಥಾಮಸ್ ಕ್ವಾಸ್ಟ್‌ಹೋಫ್ 1959ರ ನವೆಂಬರ್ 9ರಂದು ಹಿಲ್ಡೆಸ್‌ಹೈಮ್‌ನಲ್ಲಿ ಜನಿಸಿದರು. ತಾಯಿ ಗರ್ಭಿಣಿಯಾಗಿದ್ದಾಗ ಸೇವಿಸಿದ್ದ ಥಾಲಿಡೊಮೈಡ್ ಔಷಧದ ದುಷ್ಪರಿಣಾಮದಿಂದ ಅವರ ಕೈಕಾಲುಗಳು ಪೂರ್ಣವಾಗಿ ಬೆಳೆಯಲಿಲ್ಲ.

ಗಾಯನ ವಿದ್ಯಾರ್ಥಿಗೂ ಪಿಯಾನೊ ನುಡಿಸಲು ಬರಬೇಕೆಂಬ ನಿಯಮವನ್ನು ಮುಂದಿಟ್ಟು ಹ್ಯಾನೋವರ್‌ನ ಸಂಗೀತ ವಿದ್ಯಾಲಯವು ಅವರಿಗೆ ಪ್ರವೇಶ ನಿರಾಕರಿಸಿತು. ಎದೆಗುಂದದ ಅವರು ಷಾರ್ಲೊಟೆ ಲೇಮನ್ ಅವರಲ್ಲಿ ಖಾಸಗಿಯಾಗಿ ಗಾಯನಾಭ್ಯಾಸ ನಡೆಸಿದರು. ರೇಡಿಯೊ ಉದ್ಘೋಷಕರಾಗಿಯೂ ದುಡಿದರು. 1988ರಲ್ಲಿ ಮ್ಯೂನಿಕ್‌ನ ಎಆರ್‌ಡಿ ಅಂತರರಾಷ್ಟ್ರೀಯ ಸಂಗೀತ ಸ್ಪರ್ಧೆಯಲ್ಲಿ ಪ್ರಥಮ ಬಹುಮಾನ ಪಡೆದರು.

ಬಾಖ್ ಮತ್ತು ಷೂಬರ್ಟ್ ಕೃತಿಗಳ ಗಾಯನದಿಂದ ಕಛೇರಿ ವೇದಿಕೆಯಲ್ಲಿ ಕೀರ್ತಿ ಗಳಿಸಿದರೂ ಅಪೇರಾದಿಂದ ಬಹುಕಾಲ ದೂರವೇ ಉಳಿದಿದ್ದರು. 2003ರಲ್ಲಿ ಸಾಲ್ಜ್‌ಬರ್ಗ್‌ನ ಈಸ್ಟರ್ ಉತ್ಸವದಲ್ಲಿ ಸೈಮನ್ ರ‍್ಯಾಟಲ್ ನಿರ್ದೇಶನದಲ್ಲಿ ಬೀಥೋವನ್‌ನ 'ಫಿಡೆಲಿಯೊ' ಮೂಲಕ ಅಪೇರಾ ರಂಗ ಪ್ರವೇಶಿಸಿದರು. ಮರುವರ್ಷ ವಿಯೆನ್ನಾದಲ್ಲಿ ವಾಗ್ನರ್‌ನ 'ಪಾರ್ಸಿಫಾಲ್'ನಲ್ಲಿ, ಮಾಯದ ಗಾಯದಿಂದ ನರಳುವ ರಾಜ ಆಂಫೋರ್ಟಸ್‌ನ ಪಾತ್ರ ನಿರ್ವಹಿಸಿದರು.

ಗ್ರ್ಯಾಮಿ ಪುರಸ್ಕೃತರಾದ ಕ್ವಾಸ್ಟ್‌ಹೋಫ್, ಅನಾರೋಗ್ಯದ ಕಾರಣ 2012ರ ಜನವರಿಯಲ್ಲಿ ಶಾಸ್ತ್ರೀಯ ಗಾಯನದಿಂದ ನಿವೃತ್ತರಾದರು. ಒಮ್ಮೆ ವಿದ್ಯಾರ್ಥಿಯಾಗಲೂ ಅವಕಾಶ ದೊರೆಯದಿದ್ದ ಅವರು ಮುಂದೆ ಡೆಟ್‌ಮೋಲ್ಡ್ ಹಾಗೂ ಬರ್ಲಿನ್‌ನ ಸಂಗೀತ ವಿದ್ಯಾಲಯಗಳಲ್ಲಿ ಗಾಯನ ಪ್ರಾಧ್ಯಾಪಕರಾದರು.