ಕಂಬದ ಮೇಲೆ ನಿಂತ ಮನೆಗಳು

ಭೂಕಂಪದ ಪಾಠವನ್ನು ರಿಕ್ಟರ್ ಮಾಪಕದಿಂದ ಆರಂಭಿಸುವ ಕ್ರಮ ನನಗೆಂದೂ ಹಿಡಿಸಲಿಲ್ಲ. ನಾನು ಅಹಮದಾಬಾದಿನಿಂದ ತೊಡಗುತ್ತಿದ್ದೆ. 2001ರ ಜನವರಿ 26ರ ಬೆಳಿಗ್ಗೆ ನೆಲ ನಡುಗಿದ್ದು ಕಚ್ಛದ ಭಚಾವು ಸಮೀಪ. ಅಲ್ಲಿಂದ 200 ಕಿಲೋಮೀಟರಿಗೂ ದೂರದ ಈ ನಗರದಲ್ಲಿ ಹಲವು ಬಹುಮಹಡಿ ವಸತಿಗಳು ನೆಲಕಚ್ಚಿದವು. ವಾಹನ ನಿಲ್ಲಿಸಲೆಂದು ಅವುಗಳ ನೆಲಮಹಡಿಯಲ್ಲಿ ಗೋಡೆಗಳಿಲ್ಲದೆ ಬರಿಯ ಕಂಬಗಳನ್ನು ಬಿಟ್ಟಿದ್ದರು. ಗೋಡೆಗಳಿಂದ ಬಿಗಿದ ಮೇಲಿನ ಮಹಡಿಗಳು ಪೆಟ್ಟಿಗೆಯಂತೆ ಒಟ್ಟಾಗಿ ತೂಗಿದಾಗ ಕಂಬಗಳು ಮುರಿದವು. ಅದೇ ಕಚ್ಛದಲ್ಲಿ ಹಗುರ ಹುಲ್ಲುಚಾವಣಿಯ ದುಂಡು ಮಣ್ಣಿನ ಮನೆಗಳು, ಭುಂಗಾಗಳು, ಬಹುಮಟ್ಟಿಗೆ ಉಳಿದವು. (ಹಳೆಯದೆಲ್ಲ ಒಳ್ಳೆಯದೆಂದಲ್ಲ, ಭುಜ್ ಪೇಟೆಯ ಹಳೆಯ ಕಲ್ಲುಮನೆಗಳೂ ಉರುಳಿದವು.)

ನಾಲ್ಕು ಸೀಮೆಸುಣ್ಣದ ಕಡ್ಡಿಗಳ ಮೇಲೆ ಡಸ್ಟರ್ ಇಟ್ಟು ಮೇಜು ಅಲುಗಿಸಿದೆ. "ಸಾರ್, ನಮ್ಮ ಮನೆಯೂ ಹೀಗೇ ಇದೆ" ಎಂದಳೊಬ್ಬಳು. ಕಂಬಗಳ ನಡುವೆ ಕಾಂಕ್ರೀಟು ಗೋಡೆ ಕಟ್ಟಿಸುವ ಬಗ್ಗೆ ಇಂಜಿನಿಯರರನ್ನು ವಿಚಾರಿಸಿರೆಂದು ಅವಳ ತಂದೆಗೆ ಚೀಟಿ ಬರೆದು ಕಳುಹಿಸಿದೆ.