ಶಾಲೆಯೇ ಅಂಗಳಕ್ಕೆ ಬಂದ ಕತೆ

ಚೌತಿಗೆ ಊರಿಗೆ ಹೋಗಿದ್ದಾಗಿನ ಮಾತು. ನನ್ನ ತಮ್ಮನ ಸೊಸೆ ಊರಿನ ಅಂಗನವಾಡಿಯಲ್ಲಿ ಟೀಚರ್. ಸಂಜೆ ಚಾವಡಿಯಲ್ಲಿ ಕೂತು ಮಕ್ಕಳ ತೂಕದ ಲೆಕ್ಕ ಬರೆಯುತ್ತಿದ್ದಳು. ‘ನಿಮ್ಮ ಶಾಲೆಗೆ ಈ ಹೆಸರು ಯಾಕೆ ಬಂತು ಗೊತ್ತುಂಟಾ?’ ಅಂತ ಕೇಳಿದೆ. ‘ನಡೆಸುವವರು ಹೆಂಗಸರಲ್ವಾ ದೊಡ್ಡಮಾವ, ಅದಕ್ಕೇ ಅಂಗನೆಯರ ವಾಡಿ’ ಎಂದು ನಕ್ಕಳು.

ತಮಾಷೆಗೆ ಹೇಳಿದ್ದಾದರೂ ಹಾಗೆಂದೇ ನಂಬಿದವರು ನಮ್ಮಲ್ಲಿ ಇದ್ದಾರೆ. ನಿಜವಾಗಿ ಅದು ಅಂಗನೆ ಅಲ್ಲ, ಅಂಗಣ. ಮರಾಠಿಯ ‘ಆಂಗಣ್’, ನಮ್ಮ ಅಂಗಳ. ‘ವಾಡಿ’ ಅಂದರೆ ತೋಟ. ಈ ಪದ ರೂಢಿಗೆ ಬಂದದ್ದು ನಾನು ಹೊಟ್ಟೆಪಾಡಿಗಾಗಿ ನೆಲೆನಿಂತ ಮುಂಬಯಿಯಿಂದ ಕೆಲವೇ ಗಂಟೆಗಳ ದೂರದಲ್ಲಿ. ಪಶ್ಚಿಮ ರೈಲ್ವೆಯಲ್ಲಿ ವಿರಾರ್, ಪಾಲ್ಘರ್, ಡಹಾಣೂ ದಾಟಿದರೆ ಘೋಲ್ವಡ್ ಎಂಬ ಸಣ್ಣ ಸ್ಟೇಷನ್. ಸುತ್ತ ಚಿಕ್ಕು ತೋಟಗಳು. ಅಲ್ಲೇ ಸಮುದ್ರದ ಬದಿಗೆ ಬೋರ್ಡಿ, ಸ್ವಲ್ಪ ಒಳಗೆ ಹೋದರೆ ಕೋಸಬಾಡ್ ಗುಡ್ಡ. ಆಗ ಅದು ಠಾಣೆ ಜಿಲ್ಲೆಗೆ ಸೇರಿತ್ತು, 2014ರಿಂದ ಪಾಲ್ಘರ್ ಜಿಲ್ಲೆ. ಊರಿನವರಿಗೆ ಈ ಕತೆ ಹೇಳಬೇಕು ಅಂತ ಅಂದೇ ಅನ್ನಿಸಿತು.

ಕತೆ ಶುರುವಾಗುವುದು ಗುಜರಾತಿನ ಭಾವನಗರದಲ್ಲಿ. ಗಿಜುಭಾಯಿ ಬಧೇಕಾ ಎಂಬ ವಕೀಲರು ತಮಗೊಬ್ಬ ಮಗ ಹುಟ್ಟಿದಾಗ ಅವನನ್ನು ಹೇಗೆ ಕಲಿಸಬೇಕೆಂಬ ಚಿಂತೆಗೆ ಬಿದ್ದರು. ಇಟಲಿಯ ಮರಿಯಾ ಮಾಂಟೆಸರಿಯವರ ಬರಹಗಳನ್ನು ಓದಿದರು. ವಕೀಲಿ ಬಿಟ್ಟರು. 1920ರಲ್ಲಿ ಬಾಲಮಂದಿರ ತೆರೆದರು. ಅಲ್ಲಿ ಹೊಡೆತವಿಲ್ಲ, ಬಾಯಿಪಾಠವಿಲ್ಲ. ಕತೆ, ಆಟ, ಹಾಡು, ಕೈಕೆಲಸ ಇವೇ ಪಾಠ. ದಪ್ಪ ಮೀಸೆಯ ಆ ಮನುಷ್ಯನಿಗೆ ಜನ ‘ಮೀಸೆಯ ಅಮ್ಮ’ ಎಂದೇ ಹೆಸರಿಟ್ಟರು. ಅವರ ಜೊತೆಗೂಡಿದ ತಾರಾಬಾಯಿ ಮೋಡಕ್ ಮುಂಬಯಿಯಲ್ಲಿ ಹುಟ್ಟಿದವರು. ಇಬ್ಬರೂ ಸೇರಿ 1926ರಲ್ಲಿ ನೂತನ ಬಾಲ ಶಿಕ್ಷಣ ಸಂಘ ಕಟ್ಟಿದರು. 1936ರಲ್ಲಿ ತಾರಾಬಾಯಿ ಮುಂಬಯಿಯ ದಾದರ್‌ನಲ್ಲಿ ಶಿಶುವಿಹಾರ ಆರಂಭಿಸಿದರು. ಇದೇ ಕಾಲಕ್ಕೆ ನಮ್ಮ ಪುತ್ತೂರಿನಲ್ಲಿ ಶಿವರಾಮ ಕಾರಂತರೂ ಬಾಲವನ ಕಟ್ಟಿಕೊಂಡು ಮಕ್ಕಳ ಕಲಿಕೆಯ ಪ್ರಯೋಗಕ್ಕೆ ಕೈಹಾಕಿದ್ದರೆಂಬುದನ್ನು ನೆನೆಯಬೇಕು.

ದಾದರ್‌ನಲ್ಲಿ ಓದುಬರಹ ಬಲ್ಲ ತಾಯ್ತಂದೆಯರು ಮಕ್ಕಳನ್ನು ತಾವೇ ಕರೆತರುತ್ತಿದ್ದರು. ಹಳ್ಳಿಯ ಬಡಮಕ್ಕಳ ಗತಿಯೇನು ಎಂಬ ಪ್ರಶ್ನೆ ತಾರಾಬಾಯಿಯವರನ್ನು ಬಿಡಲಿಲ್ಲ. 1945ರಲ್ಲಿ ಅವರು ಬೋರ್ಡಿಗೆ ಹೋದರು. ಆಗ ಅವರಿಗೆ ಐವತ್ಮೂರು ವರ್ಷ. ಜೊತೆಗೆ ಬಂದವರು ಅನುತಾಯಿ ವಾಘ್. ಮರಾಠಿಯಲ್ಲಿ ‘ತಾಯಿ’ ಅಂದರೆ ಅಕ್ಕ, ಆದರೆ ಕನ್ನಡದ ಅರ್ಥವೂ ಇವರಿಗೆ ಚೆನ್ನಾಗಿ ಒಪ್ಪುತ್ತದೆ. ಬಾಲ್ಯದಲ್ಲೇ ವಿಧವೆಯಾದವರು, ಓದಿ ಶಿಕ್ಷಕಿಯಾದವರು. ಅದೇ 1945ರಲ್ಲಿ ಆ ಸೀಮೆಯ ವಾರ್ಲಿ ಆದಿವಾಸಿಗಳು ಗೋದಾವರಿ ಪರುಳೇಕರ್ ಅವರ ನಾಯಕತ್ವದಲ್ಲಿ ಜಮೀನ್ದಾರರ ಬಿಟ್ಟಿಚಾಕರಿಯ ವಿರುದ್ಧ ಎದ್ದು ನಿಂತಿದ್ದರು. ಹೊಟ್ಟೆಗೇ ಇಲ್ಲದವರ ನಡುವೆ ಮಕ್ಕಳ ಶಾಲೆ!

ಬಾಲವಾಡಿ ತೆರೆದರೂ ಬಡವರ ಕೇರಿಯ ಮಕ್ಕಳು ಬರಲಿಲ್ಲ. ಕೂಲಿಗೆ ಹೋಗುವ ತಾಯಿ ಮೂರು ವರ್ಷದ ಮಗುವನ್ನು ಮೀಯಿಸಿ, ಬಟ್ಟೆ ತೊಡಿಸಿ, ಹೊತ್ತಿಗೆ ಸರಿಯಾಗಿ ಕಳಿಸುವುದು ಹೇಗೆ? ‘ಈ ಜನಕ್ಕೆ ಓದು ಬೇಕಾಗಿಲ್ಲ’ ಅಂದುಬಿಡುವುದು ಸುಲಭವಿತ್ತು. ಇವರು ಹಾಗನ್ನಲಿಲ್ಲ. ಮಗು ಶಾಲೆಗೆ ಬಾರದಿದ್ದರೆ ಶಾಲೆಯೇ ಮಗುವಿನ ಅಂಗಳಕ್ಕೆ ಹೋಗಲಿ ಅಂದರು. ಕೇರಿಗೇ ಹೋಗಿ ಮಕ್ಕಳ ಮುಖ ತೊಳೆದರು, ತಲೆ ಬಾಚಿದರು, ಉಗುರು ಕತ್ತರಿಸಿದರು, ಅಲ್ಲೇ ಕೂತು ಹಾಡು ಕತೆ ಹೇಳಿದರು. ಅದೇ ಅಂಗಣವಾಡಿ.

ಮಾಂಟೆಸರಿ ಸಾಮಗ್ರಿಗೆ ದುಡ್ಡೂ ಇರಲಿಲ್ಲ. ಕಪ್ಪೆಚಿಪ್ಪು, ಬೀಜ, ಕಲ್ಲು, ಎಲೆಗಳೇ ಪಾಠದ ಸಾಮಾನಾದವು. ಎಣಿಸಲಿಕ್ಕೆ ಬೀಜ, ದೊಡ್ಡದು ಸಣ್ಣದು ನೋಡಲಿಕ್ಕೆ ಕಲ್ಲು. ಇದು ಬರೀ ಉಳಿತಾಯದ ಉಪಾಯವಲ್ಲ. ಮಗುವಿಗೆ ಗುರುತಿರುವ ವಸ್ತುವಿನಿಂದಲೇ ಗುರುತಿಲ್ಲದ ವಿದ್ಯೆಗೆ ದಾರಿಯಾಗುತ್ತದೆ ಎಂಬ ತಿಳಿವಳಿಕೆ ಅದರ ಹಿಂದಿತ್ತು.

1950ರ ದಶಕದ ಕೊನೆಗೆ ಕೆಲಸ ಕೋಸಬಾಡ್ ಗುಡ್ಡಕ್ಕೆ ಹೋಯಿತು. ಅಲ್ಲಿ ಇನ್ನೊಂದು ತೊಡಕು. ಓದುವ ವಯಸ್ಸಿನ ಹುಡುಗಿಯರು ಮನೆಯಲ್ಲಿ ತಮ್ಮ ತಂಗಿಯರನ್ನು ನೋಡಿಕೊಳ್ಳಬೇಕು. ಹಾಗಾದರೆ ತಮ್ಮನನ್ನೂ ಎತ್ತಿಕೊಂಡು ಬಾ ಅಂದರು. ಕೂಸುಗಳ ಮನೆ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೇ ಕಡೆ ಮಾಡಿ ‘ವಿಕಾಸವಾಡಿ’ ಎಂದರು. ದನ ಮೇಯಿಸುವ ಹುಡುಗರಿಗೆ ಹುಲ್ಲುಗಾವಲಿನಲ್ಲೇ ಶಾಲೆ ನಡೆಸಿದರು. ಬಾರದ ಮಗುವನ್ನು ಬೈಯುವ ಮೊದಲು ಯಾಕೆ ಬರಲಿಲ್ಲ ಅಂತ ಕೇಳಿದ್ದೇ ಇವರ ದೊಡ್ಡತನ.

ತಾರಾಬಾಯಿ 1973ರಲ್ಲಿ ತೀರಿಕೊಂಡರು. 1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು 33 ಕಡೆ ಆರಂಭಿಸಿತು. ಕರ್ನಾಟಕದಲ್ಲಿ ಅದು ಮೊದಲು ಬಂದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರಕ್ಕೆ. ಆ ಯೋಜನೆಯ ಕೇಂದ್ರಗಳಿಗೆ ಬೋರ್ಡಿಯ ಅದೇ ಹೆಸರು ಬಿತ್ತು. ಕನ್ನಡಕ್ಕೆ ಬರುವಾಗ ಣಕಾರ ನಕಾರವಾಯಿತು, ಅಂಗಳ ಮರೆತುಹೋಯಿತು.

ಇಷ್ಟೆಲ್ಲ ನಾನು ತಿಳಿದುಕೊಂಡದ್ದು ಪಂಡಿತನಾಗಬೇಕೆಂದಲ್ಲ. ನಾವು ಮಾಡಿದ ಒಂದು ತಪ್ಪಿನಿಂದಾಗಿ. 1988ರಲ್ಲಿ ಮಗಳನ್ನು ಬೋರಿವಲಿಯ ಒಂದು ನರ್ಸರಿಗೆ ಸೇರಿಸಿದೆವು. ಎರಡು ತಿಂಗಳಾದ ಮೇಲೆ ಟೀಚರ್ ಕರೆದು, ‘ಹುಡುಗಿ ಮಾತೇ ಆಡುವುದಿಲ್ಲ. ಮನೆಯಲ್ಲಿ ಇಂಗ್ಲಿಷ್ ಮಾತಾಡಿ’ ಅಂದರು. ನಾವು ಪರವೂರಿಗೆ ಬಂದವರು, ಹೆದರಿದೆವು. ಆ ದಿನದಿಂದ ಮನೆಯಲ್ಲಿ ನಮಗೇ ನೆಟ್ಟಗೆ ಬಾರದ ಇಂಗ್ಲಿಷ್. ‘ಕಮ್, ಈಟ್, ಸ್ಲೀಪ್’ ಇಷ್ಟೇ. ಬೈಯಲಿಕ್ಕೆ ಬರುತ್ತಿತ್ತು, ಮುದ್ದು ಮಾಡಲಿಕ್ಕೆ ಬರುತ್ತಿರಲಿಲ್ಲ. ಶಾಲೆಯಲ್ಲಿ ಮೌನವಾಗಿದ್ದ ಮಗು ಈಗ ಮನೆಯಲ್ಲೂ ಮೌನವಾಯಿತು.

ಮಳೆಗಾಲ ಕಳೆದು ಅಮ್ಮ ಊರಿನಿಂದ ಬಂದಳು. ಅವಳಿಗೆ ನಮ್ಮ ಹೊಸ ನಿಯಮ ತಿಳಿಯದು, ತಿಳಿದರೂ ಪಾಲಿಸುವವಳಲ್ಲ. ಖೋಲಿಯ ಮುಂದಿನ ಪಡಸಾಲೆಯಲ್ಲಿ ಚಾಪೆ ಹಾಸಿ, ಊರಿನಿಂದ ತಂದ ಹುಣಸೆ ಬೀಜ ಸುರಿದು ಮೊಮ್ಮಗಳ ಜೊತೆ ಚೆನ್ನೆಮಣೆ ಆಡಲು ಕೂತಳು. ಗುಳಿಗೆ ನಾಲ್ಕು ಬೀಜ, ಎಣಿಸು, ಹಂಚು. ನಡುವೆ ನರಿಯ ಕತೆ. ಹದಿನೈದು ದಿನದಲ್ಲಿ ಹುಡುಗಿ ‘ಅಜ್ಜಿ, ನೀನು ಮೋಸ ಮಾಡಿದಿ!’ ಅಂತ ಕೂಗುವುದು ಪಕ್ಕದ ಖೋಲಿಗೂ ಕೇಳಿಸಿತು. ಪಕ್ಕದ ಮನೆಯ ಮರಾಠಿ ಮಕ್ಕಳೂ ಬಂದು ಕೂತರು. ದೀಪಾವಳಿಯ ಹೊತ್ತಿಗೆ ಅವಳು ಕನ್ನಡ, ಮರಾಠಿ ಎರಡನ್ನೂ ಆಡುತ್ತಿದ್ದಳು, ಶಾಲೆಯಲ್ಲಿ ಇಂಗ್ಲಿಷಿಗೂ ಬಾಯಿ ತೆರೆದಳು. ಟೀಚರಿಗೆ ಸಂತೋಷವಾಯಿತು, ತಮ್ಮ ಸಲಹೆ ಫಲಿಸಿತು ಅಂದುಕೊಂಡರು. ನಾನು ತಿದ್ದಲಿಲ್ಲ. ತಿದ್ದಬೇಕಿತ್ತು.

1994ರಲ್ಲಿ ಗೆಳೆಯರೊಬ್ಬರ ಜೊತೆ ಕೋಸಬಾಡ್‌ಗೆ ಹೋದೆ. ಅನುತಾಯಿ ತೀರಿಕೊಂಡು ಎರಡು ವರ್ಷವಾಗಿತ್ತು. ಅವರು ಚಿಪ್ಪು, ಬೀಜಗಳಿಂದ ಲೆಕ್ಕ ಕಲಿಸಿದ ಕತೆ ಅಲ್ಲಿ ಕೇಳಿದಾಗ ಅಮ್ಮನ ಹುಣಸೆ ಬೀಜ ನೆನಪಾಗಿ ಗಂಟಲು ಕಟ್ಟಿತು.

ನನ್ನ ಮಗಳಿಗೆ ಅಜ್ಜಿ ಇದ್ದಳು. ಎಲ್ಲ ಕನ್ನಡದ ಮಕ್ಕಳಿಗೆ ಆ ಭಾಗ್ಯವಿಲ್ಲ. ಮುಂಬಯಿ, ಪುಣೆಯ ಕಟ್ಟಡಗಳಿಗೆ ಇಟ್ಟಿಗೆ ಹೊರುವವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯ ನಮ್ಮವರು ಎಷ್ಟೋ ಮಂದಿ. ಅಂಥವರ ಕೂಸುಗಳಿಗಾಗಿ 1969ರಲ್ಲಿ ಮೀರಾ ಮಹಾದೇವನ್ ದಿಲ್ಲಿಯ ಕಟ್ಟಡವೊಂದರ ಬಯಲಿನಲ್ಲಿ ‘ಮೊಬೈಲ್ ಕ್ರೆಷ್’ ಆರಂಭಿಸಿದರು. 1972ರಲ್ಲಿ ಅದು ಮುಂಬಯಿಗೂ ಬಂತು. ಇದೂ ಮಗುವಿರುವಲ್ಲಿಗೇ ಹೋದ ಶಾಲೆ. ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಟ್ಟಡದ ಜಾಗದಲ್ಲಿ ಕೂಸುಗಳಿಗೆ ಕೋಣೆ ಇರಬೇಕೆಂದು 1996ರ ಕಾನೂನು ಹೇಳಿತು. ಆದರೂ ಮರಳ ರಾಶಿಯ ಮೇಲೆ ಮಲಗಿದ ಮಗುವನ್ನು ನೋಡದ ಮುಂಬಯಿಗರಿಲ್ಲ. ಮಹಾನಗರಪಾಲಿಕೆ ಕನ್ನಡ ಮಾಧ್ಯಮದಲ್ಲೂ ಶಾಲೆ ನಡೆಸುತ್ತ ಬಂದಿದೆ. ನಮ್ಮಂಥವರು ಮಕ್ಕಳನ್ನು ಅಲ್ಲಿಂದ ಬಿಡಿಸಿ ಕರೆದೊಯ್ದ ಮೇಲೆ ಅವಕ್ಕೆ ಆಸರೆಯಾದವರು ಈ ಕೂಲಿಯವರ ಮಕ್ಕಳೇ. ಕನ್ನಡ ಉಳಿಸುವ ಭಾಷಣ ನಮ್ಮದು, ಕನ್ನಡ ಶಾಲೆಯ ಹಾಜರಿ ಅವರದು.

ಈಗ ಮಗಳು ಪುಣೆಯಲ್ಲಿದ್ದಾಳೆ. ಅವಳ ಮಗನಿಗೆ ಮೂರು ವರ್ಷ. ಮೊನ್ನೆ ಫೋನು ಮಾಡಿ, ‘ಪಪ್ಪಾ, ಪ್ಲೇಸ್ಕೂಲಿನಲ್ಲಿ ಮನೆಯಲ್ಲೂ ಇಂಗ್ಲಿಷ್ ಮಾತಾಡಿ ಅಂತಾರೆ, ಏನು ಮಾಡಲಿ?’ ಅಂದಳು. ಈ ಸಲ ನಾನು ಸುಮ್ಮನಿರಲಿಲ್ಲ. ಚೌತಿ ಮುಗಿಸಿ ವಾಪಸಾಗುವಾಗ ತಮ್ಮನ ಸೊಸೆ ಒಂದು ಸೇರು ಹುಣಸೆ ಬೀಜ ಕಟ್ಟಿಕೊಟ್ಟಿದ್ದಾಳೆ. ಅಮ್ಮನ ಚೆನ್ನೆಮಣೆ ಅಟ್ಟದಿಂದ ಇಳಿಸಿ ಒರೆಸಿಟ್ಟಿದ್ದೇನೆ. ಬರುವ ಭಾನುವಾರ ಪುಣೆಗೆ ಹೊರಡುತ್ತೇನೆ.